ವೃತ್ತ್ಯಂತರದ ಸಿದ್ಧತೆ

ನಾಗಪುರದಿಂದ ಜಬಲ್ಪುರದ ಹೆದ್ದಾರಿಯನ್ನು ಹಿಡಿದು, 1821ರಲ್ಲಿ ಸ್ಥಾಪಿತವಾದ ಕಾಮಠಿಯ ದಂಡುಪ್ರದೇಶವನ್ನು ಹಾದು, ಸಾತ್ಪುಡ ಶ್ರೇಣಿಯಿಂದ ಇಳಿದು ವೈನಗಂಗೆಯನ್ನು ಸೇರಲು ಹೊರಟಿರುವ ಕನ್ಹಾನ್ ನದಿಯ ಸೇತುವೆಯನ್ನು ದಾಟಿದೊಡನೆ, ಆ ನದಿಯ ಹೆಸರನ್ನೇ ಹೊತ್ತಿರುವ ಪೇಟೆಯೊಂದು ಎದುರಾಗುತ್ತದೆ. ಹೌರಾ ಮಾರ್ಗದ ರೈಲುದಾರಿಯಿಂದ ಕವಲೊಡೆದು, ಕಾಳಿದಾಸನ ರಾಮಗಿರಿ ಇದೇ ಎಂದು ಅನೇಕ ವಿದ್ವಾಂಸರು ನಂಬಿರುವ ರಾಮಟೇಕಿಗೆ ಹೋಗುವ ಶಾಖೆಯೂ ಹೊರಡುವುದು ಇಲ್ಲಿಂದಲೇ. ಆದರೆ ಈ ಪೇಟೆಯ ಬಹುಮಂದಿಗೆ ಅನ್ನವನ್ನಿತ್ತಿರುವುದು ಇಂದರ್, ಗೊಂಡೇಗಾಂವ್ ಮೊದಲಾದ ಗಣಿಗಳ ಕಲ್ಲಿದ್ದಲು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಎಂಬ ಸರ್ಕಾರಿ ಸಂಸ್ಥೆಯ ಪಾಳಿಯ ವೇಳೆಯೇ ಇಲ್ಲಿಯ ಗೃಹಕೃತ್ಯದ ವೇಳೆ. ಅದು ಸಂಬಳ ಕೊಡುವ ದಿನವೇ ಇಲ್ಲಿಯ ಅಂಗಡಿಗಳ ಹಬ್ಬ. ಇಂಥ ಒಂದು ಊರಿನಲ್ಲಿ ನೆಲಸಿ, ಅದರ ಜನರೊಡನೆ ಬೆರೆತು ಬಾಳಿದವನಿಗೆ ಒಂದು ಪ್ರಶ್ನೆ ಮನಸ್ಸನ್ನು ಬಿಡದೆ ಕಾಡುವುದು ಸ್ವಾಭಾವಿಕ: ಮನುಷ್ಯನು ತನ್ನ ಜೀವನವೃತ್ತಿಯನ್ನು ನಡುಹರಯದಲ್ಲಿ ಬದಲಿಸಬೇಕಾದ ಪ್ರಸಂಗಕ್ಕೆ ಯಾವಾಗ ಸಿದ್ಧನಾಗತಕ್ಕದ್ದು, ಆ ಸಿದ್ಧತೆಯ ಭಾರವನ್ನು ಹೊರತಕ್ಕವರು ಯಾರು?

ಈ ಪ್ರಶ್ನೆಯನ್ನು ಪರ್ಯಾಲೋಚಿಸಲು ಗಣಿಯ ಊರಿಗಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಬೇರೆ ಉದ್ಯೋಗಗಳು ತಾವು ಶಾಶ್ವತವೆಂಬ ಭ್ರಾಂತಿಯನ್ನು ಹುಟ್ಟಿಸಬಲ್ಲವು; ಗಣಿಯಾದರೋ ಹುಟ್ಟುವಾಗಲೇ ತನ್ನ ಅಂತ್ಯವನ್ನು ಹೇಳಿಕೊಂಡು ಹುಟ್ಟುತ್ತದೆ. ಭೂಗರ್ಭದಲ್ಲಿ ಎಷ್ಟು ಕಲ್ಲಿದ್ದಲಿದೆ, ವರ್ಷಕ್ಕೆ ಎಷ್ಟನ್ನು ತೆಗೆಯಬಹುದು, ಎಷ್ಟು ವರ್ಷಗಳಲ್ಲಿ ಅದು ಮುಗಿದೀತು ಎಂಬ ಲೆಕ್ಕವು ಮೊದಲನೆಯ ಗುದ್ದಲಿ ನೆಲಕ್ಕೆ ಬೀಳುವ ಮುನ್ನವೇ ಯೋಜನೆಯ ವರದಿಯಲ್ಲಿ ಬರೆದಿರುತ್ತದೆ. ಹೀಗೆ ಅವಧಿ ಗೊತ್ತಿರುವ ವೃತ್ತಿಯಲ್ಲಿಯೂ ಅದರ ಕೊನೆಯ ದಿನ ಬಂದಾಗ ಜನ ಅಪ್ರತಿಭರಾಗಿ ನಿಲ್ಲುವರಾದರೆ, ಅವಧಿಯೇ ಗೊತ್ತಿಲ್ಲದ ವೃತ್ತಿಗಳವರ ಪಾಡು ಎಂತಿರಬೇಕು!

ಕನ್ಹಾನಿನವರಿಗೆ ವೃತ್ತ್ಯಂತರವೆಂಬುದು ಹೊಸ ಅನುಭವವೇನೂ ಅಲ್ಲ. ತೆರೆದ ಗಣಿಗೆ ಹೊಲವನ್ನು ಬಿಟ್ಟುಕೊಟ್ಟು, ಅದರ ಪ್ರತಿಫಲವಾಗಿ ಗಣಿಯಲ್ಲಿ ಕೆಲಸ ಪಡೆದ ಸಂಸಾರಗಳು ಇಲ್ಲಿ ಅನೇಕ. ಹತ್ತಿಯ ಗಿಡವನ್ನೂ ಭತ್ತದ ಗದ್ದೆಯನ್ನೂ ಬಲ್ಲವನ ಮಗನು ಡಂಪರಿನ ಚಾಲಕನಾದನು. ಋತುಮಾನವನ್ನು ನೋಡಿ ಬಾಳುತ್ತಿದ್ದ ಮನೆ ಮೂರು ಪಾಳಿಯ ಮನೆಯಾಯಿತು. ಈ ಮೊದಲನೆಯ ಬದಲಾವಣೆಗೆ ಯಾರೂ ಅವರನ್ನು ಸಿದ್ಧಗೊಳಿಸಲಿಲ್ಲ; ಆದರೂ ಅದು ದಡ ಸೇರಿದುದಕ್ಕೆ ಕಾರಣವೆಂದರೆ, 1973ರಲ್ಲಿ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕೃತವಾದ ಮೇಲೆ ಈ ನೌಕರಿಗೆ ದೊರೆತ ಸ್ಥಿರತೆ, ವಸತಿ, ಆಸ್ಪತ್ರೆ, ಭವಿಷ್ಯನಿಧಿ ಮುಂತಾದವು ಹೊಸಬನ ಅಜ್ಞಾನವನ್ನು ಹಲವು ವರ್ಷಗಳ ಕಾಲ ಪೊರೆಯಬಲ್ಲಷ್ಟು ಉದಾರವಾಗಿದ್ದುವು. ಎರಡನೆಯ ಬದಲಾವಣೆ, ಎಂದರೆ ಗಣಿಯಿಂದ ಹೊರಕ್ಕೆ ಹೋಗುವ ಬದಲಾವಣೆ, ಅಷ್ಟು ಉದಾರವಾದ ಮಡಿಲೊಳಕ್ಕೆ ಆಗುವಂಥದಲ್ಲ. ಮೊದಲನೆಯದು ಸುಗಮವಾಗಿ ಜರುಗಿತೆಂಬ ನೆನಪೇ ಎರಡನೆಯದರ ವಿಷಯದಲ್ಲಿ ಜನರನ್ನು ನಿಶ್ಚಿಂತರನ್ನಾಗಿ ಮಾಡುತ್ತಿರುವುದನ್ನು ಕಂಡು ನನಗೆ ಕಳವಳವಾಗುತ್ತದೆ.

ಕಲ್ಲಿದ್ದಲಿಗೆ ಈಗೇನು ಕುಂದಾಗಿದೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. 2024-25ರ ಸಾಲಿನಲ್ಲಿ ಭಾರತದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ನನ್ನು ಮೀರಿತು. ಕೋರಾಡಿ, ಖಾಪರಖೇಡಾ ವಿದ್ಯುತ್ ಸ್ಥಾವರಗಳ ಚಿಮಣಿಗಳು ಇಲ್ಲಿಂದ ಬಹುದೂರವೇನೂ ಇಲ್ಲ, ಅವು ಆರಿಯೂ ಇಲ್ಲ. ಆದರೆ ಇದೇ ದೇಶವು 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದ ಮುಂದೆ, 2070ರ ಹೊತ್ತಿಗೆ ತನ್ನ ಇಂಗಾಲದ ನಿವ್ವಳ ವಿಸರ್ಜನೆಯನ್ನು ಶೂನ್ಯಕ್ಕೆ ತರುವೆನೆಂದು ವಚನವನ್ನಿತ್ತಿದೆ. ಇಂದು ಇಪ್ಪತ್ತೆರಡರ ಪ್ರಾಯದಲ್ಲಿ ಗಣಿಯ ಹಾಜರಿ ಪುಸ್ತಕಕ್ಕೆ ಹೆಸರು ಹಚ್ಚಿಸಿದ ತರುಣನು ಅರುವತ್ತಕ್ಕೆ ನಿವೃತ್ತನಾಗುವಾಗ ಆ ಗಡುವಿಗೆ ಕೆಲವೇ ವರ್ಷಗಳು ಉಳಿದಿರುತ್ತವೆ. ಅವನ ಸಮಸ್ತ ಸೇವಾವಧಿಯೂ ಈ ಇಳಿಜಾರಿನ ಮೇಲೆಯೇ ಕಳೆಯತಕ್ಕದ್ದು. ಅಲ್ಲದೆ, ಇಡೀ ಉದ್ಯಮವು ಪುಷ್ಟವಾಗಿರುವಾಗಲೇ ಅದರೊಳಗಿನ ಒಂದೊಂದು ಗಣಿ ಬರಿದಾಗಿ ಮುಚ್ಚಬಹುದು. ಇದೇ ವಿದರ್ಭದ ವರೋರಾದಲ್ಲಿ, ರೈಲುದಾರಿಯನ್ನೇ ತನ್ನ ಬಳಿಗೆ ಬರಮಾಡಿಕೊಂಡಿದ್ದ ಸರ್ಕಾರಿ ಗಣಿಯು 1906ರಲ್ಲಿಯೇ ಮುಚ್ಚಿತು. ದೇಶದ ಕಲ್ಲಿದ್ದಲಿನ ಚರಿತ್ರೆಯಾದರೋ ಆಗ ಇನ್ನೂ ಅದರ ಬಾಲ್ಯದಲ್ಲಿತ್ತು.

ಇಂಥ ಮುಚ್ಚುಗಡೆ ಹೇಗಿರುತ್ತದೆ ಎಂಬುದನ್ನು ಅರಿಯಲು ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ ನಮ್ಮ ಕಣ್ಣೆದುರಿನ ನಿದರ್ಶನ. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಅಲ್ಲಿ ಕೆಲಸವನ್ನು ಹಿಡಿದಂದಿನಿಂದ ನೂರಿಪ್ಪತ್ತು ವರ್ಷಗಳ ಕಾಲ ನಡೆದ ಗಣಿಯದು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು ಮೊದಲು ಹರಿದುದು ಬೆಂಗಳೂರಿಗಲ್ಲ, ಆ ಗಣಿಗೆ. ಚಾಂಪಿಯನ್ ರೀಫ್ ಎಂಬ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ಲೋಕದ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ನಿಂತಿತು. 1956ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ ಕೇಂದ್ರದ ಕೈಗೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ ಬಂದುದು, ತೆಗೆದ ಚಿನ್ನದ ಬೆಲೆಗಿಂತ ತೆಗೆಯುವ ವೆಚ್ಚ ಹೆಚ್ಚಾದುದು ಯಾರಿಗೂ ಗುಟ್ಟಾಗಿರಲಿಲ್ಲ. ದಶಕಗಳಿಂದ ಎಲ್ಲರೂ ಬಲ್ಲ ಸಂಗತಿ. ಆದರೂ 2001ರ ಫೆಬ್ರುವರಿ 28ರಂದು ಗಣಿ ನಿಂತಾಗ, ಸಾವಿರಾರು ಸಂಸಾರಗಳ ಪಾಲಿಗೆ ಅದು ಸಿಡಿಲಿನಂತೆಯೇ ಎರಗಿತು.

ಅಂದು ಕೈಗೆ ಬಂದುದು ಒಂದು ಮೊತ್ತದ ಹಣ. ಕೈತಪ್ಪಿದುದಾದರೋ ಸಂಬಳವೊಂದೇ ಅಲ್ಲ. ಗಣಿಯ ವಸತಿ, ಗಣಿಯ ಆಸ್ಪತ್ರೆ, ಗಣಿಯ ನೀರು, ಗಣಿಯ ದೀಪ ಇವೆಲ್ಲ ಒಂದೇ ಬೇರಿನಿಂದ ಬಂದ ಕೊಂಬೆಗಳಾಗಿದ್ದುದರಿಂದ, ಬೇರು ಒಣಗಿದೊಡನೆ ಎಲ್ಲವೂ ಒಟ್ಟಿಗೆ ಬಾಡಿದುವು. ಮಾರಿಕುಪ್ಪಂ ನಿಲ್ದಾಣದಿಂದ ನಸುಕಿನಲ್ಲಿ ಹೊರಡುವ ರೈಲು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ದುಡಿಯುವವರನ್ನು ಅಂದಿನಿಂದ ಇಂದಿನವರೆಗೆ ಹೊತ್ತೊಯ್ದು ರಾತ್ರಿ ಮರಳಿ ತರುತ್ತಿದೆ. ನೆಲದೊಳಗಿನ ಕಗ್ಗತ್ತಲೆಯಲ್ಲಿ ಬಂಡೆಯ ಸದ್ದನ್ನು ಕೇಳಿಯೇ ಅದರ ಮನಸ್ಸನ್ನು ತಿಳಿಯುತ್ತಿದ್ದವರ ಮಕ್ಕಳು ಪೇಟೆಯ ಕಟ್ಟಡಗಳ ಕಾವಲಿಗೂ ಅಂಗಡಿಗಳ ಸರಕು ಹೊರುವುದಕ್ಕೂ ಹೋಗಬೇಕಾಯಿತು. ಆ ಕೆಲಸಗಳಲ್ಲಿ ಅಗೌರವವೇನೂ ಇಲ್ಲ. ಆದರೆ ಒಂದು ಶತಮಾನದಲ್ಲಿ ಕೂಡಿಬಂದ ವಿದ್ಯೆಯೊಂದು ಯಾರಿಗೂ ಬೇಡದುದಾಗಿ ಉದುರಿಹೋದುದು ದೇಶಕ್ಕೆ ಆದ ಹಾನಿ.

ಆ ವಿದ್ಯೆ ಬೇಡವಾದದ್ದೆಂಬ ಮಾತೂ ಪೂರ್ಣ ಸತ್ಯವಲ್ಲ. ಅತ್ಯಾಳದ ಬಂಡೆಯು ಒತ್ತಡವನ್ನು ತಾಳಲಾರದೆ ಹಠಾತ್ತಾಗಿ ಸಿಡಿಯುವ ಉಪದ್ರವದಿಂದ ಕೋಲಾರದ ಗಣಿಗಳು ಬಹುಕಾಲ ನರಳಿದುವು. ಅದನ್ನು ಅಭ್ಯಸಿಸುತ್ತ ಬಂದ ಅನುಭವದ ನೆಲೆಯ ಮೇಲೆಯೇ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಅಲ್ಲಿ ಸ್ಥಾಪಿತವಾಯಿತು. ಗಣಿ ಮುಚ್ಚಿದರೂ ಆ ಸಂಸ್ಥೆ ಮುಚ್ಚಲಿಲ್ಲ. ಅಣೆಕಟ್ಟು, ಸುರಂಗ, ಜಲವಿದ್ಯುದಾಗಾರ ಮೊದಲಾದ ಕಾರ್ಯಗಳಿಗೆ ಅದರ ಜ್ಞಾನವು ಒದಗುತ್ತ ಬಂದಿದೆ. ಚಿನ್ನವನ್ನು ತೆಗೆಯುವ ಕಸುಬಿನೊಳಗೆ ಬಂಡೆಯನ್ನು ಅರಿಯುವ ವಿದ್ಯೆ ಅಡಗಿದ್ದಿತು. ಚಿನ್ನ ತೀರಿತು, ಆ ವಿದ್ಯೆ ತೀರಲಿಲ್ಲ. ಇದನ್ನು ಗಣಿ ನಡೆಯುತ್ತಿದ್ದಾಗಲೇ ಹದಿಮೂರು ವರ್ಷ ಮುಂಚೆ ಬೇರ್ಪಡಿಸಿ ಬೆಳೆಸಿದುದರಿಂದ ಅದು ಉಳಿಯಿತು. ವಿಜ್ಞಾನಿಗಳ ಒಂದು ಸಣ್ಣ ಬಳಗಕ್ಕೆ ಸಾಧ್ಯವಾದ ಈ ಕ್ರಮವನ್ನು ಸಾಮಾನ್ಯ ಗಣಿಗಾರನ ವಿಷಯದಲ್ಲಿ ಆಲೋಚಿಸಿದವರಾರು? ಅದೇ ಊರಿನ ಮಗ್ಗುಲಲ್ಲಿ, 1964ರಲ್ಲಿ ಹುಟ್ಟಿದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಮಣ್ಣು ತೋಡುವ ಮಹಾಯಂತ್ರಗಳನ್ನು ಕಟ್ಟುತ್ತಿದೆ. ದೇಶದ ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಆ ಸಂಸ್ಥೆಯ ಡೋಜರು, ಡಂಪರುಗಳು ದುಡಿಯುತ್ತಿರುವುದನ್ನು ಕನ್ನಡಿಗನು ಅಭಿಮಾನದಿಂದ ನೆನೆಯಬಹುದು. ಆದರೆ ನೆರೆಯಲ್ಲಿ ಒಂದು ಬಾಗಿಲಿದ್ದ ಮಾತ್ರಕ್ಕೆ ಅದರೊಳಕ್ಕೆ ದಾರಿಯಿದ್ದಂತಾಗದು; ದಾರಿಯನ್ನು ಯಾರಾದರೂ ಮುಂಚಿತವಾಗಿ ಕಡಿಯಬೇಕು.

ನಾಗಪುರಕ್ಕೆ ಮರಳುವೆನು. ಈ ನಗರದ ಅಭಿಮಾನದ ಎಂಪ್ರೆಸ್ ಗಿರಣಿಯನ್ನು ಜಮ್ಷೆಟ್‌ಜಿ ಟಾಟಾ ಅವರು 1877ರ ಜನವರಿ 1ರಂದು ಆರಂಭಿಸಿದಾಗ ಅದರ ಆಡಳಿತವನ್ನು ಒಪ್ಪಿಸಿದುದು ಬೇಜನ್‌ಜಿ ಮೆಹತಾ ಎಂಬವರಿಗೆ. ಅವರು ರೈಲ್ವೆಯ ಸರಕು ವಿಭಾಗದಲ್ಲಿ ನುರಿತವರು. ನೂಲುವುದನ್ನಾಗಲಿ ನೇಯುವುದನ್ನಾಗಲಿ ಅರಿತವರಲ್ಲ. ಯಂತ್ರದ ಕೌಶಲಕ್ಕೆ ಬ್ರೂಕ್ಸ್‌ಬಿ ಎಂಬ ಆಂಗ್ಲ ತಜ್ಞರನ್ನು ಜೊತೆಗಿರಿಸಿ, ಜನರನ್ನೂ ಸರಕನ್ನೂ ವೇಳೆಯನ್ನೂ ಒಂದು ಶಿಸ್ತಿಗೆ ತರುವ ಕಾರ್ಯಕ್ಕೆ ರೈಲ್ವೆಯ ಮನುಷ್ಯನೇ ತಕ್ಕವನೆಂದು ಟಾಟಾ ಅವರು ಕಂಡುಕೊಂಡರು. ಹಳೆಯ ವೃತ್ತಿಯ ಹೊರಕವಚವನ್ನು ಸುಲಿದು ಅದರೊಳಗಿನ ಸಾರವನ್ನು ಗುರುತಿಸುವ ಈ ದೃಷ್ಟಿಯೇ ವೃತ್ತ್ಯಂತರದ ಸಿದ್ಧತೆಯ ಮೊದಲನೆಯ ಅಂಗವೆಂದು ನಾನು ತಿಳಿಯುತ್ತೇನೆ. ಅದೇ ಗಿರಣಿಯು ನೂರು ವರ್ಷಗಳಿಗೂ ಮಿಕ್ಕು ಬಾಳಿ, 1986ರಲ್ಲಿ ರಾಜ್ಯದ ನಿಗಮದ ವಶಕ್ಕೆ ಬಂದು, 2002ರಲ್ಲಿ ಮುಚ್ಚಿಹೋಯಿತು. ಆರಂಭದಲ್ಲಿ ಒಬ್ಬ ಅಧಿಕಾರಿಯ ವಿಷಯದಲ್ಲಿ ತೋರಿದ ಆ ಸೂಕ್ಷ್ಮದೃಷ್ಟಿ ಅಂತ್ಯದಲ್ಲಿ ಸಾವಿರಾರು ಕೆಲಸಗಾರರ ವಿಷಯದಲ್ಲಿ ತೋರಲಿಲ್ಲವೆಂಬುದು ಈ ನಗರದ ವಿಷಾದಕರ ಚರಿತ್ರೆ.

ಕನ್ಹಾನಿನ ಡಂಪರ್ ಆಪರೇಟರ್ ಒಬ್ಬನನ್ನು, ವಯಸ್ಸು ನಲವತ್ತೈದೆಂದು ಇಟ್ಟುಕೊಂಡು, ಊಹಿಸೋಣ. ನಿನಗೇನು ಬರುತ್ತದೆ ಎಂದು ಕೇಳಿದರೆ ಡಂಪರು ನಡೆಸಲು ಬರುತ್ತದೆ ಎಂದಷ್ಟೇ ಅವನು ಹೇಳಿಯಾನು. ಆದರೆ ಇಳಿಜಾರಿನಲ್ಲಿ ಭಾರವನ್ನು ಹಿಡಿದು ನಿಲ್ಲಿಸುವ ಎಣಿಕೆ, ಹೈಡ್ರಾಲಿಕ್ ವ್ಯವಸ್ಥೆ ಕೆಡುವ ಮುನ್ನವೇ ಅದರ ದನಿಯಲ್ಲಿ ಆಗುವ ಭೇದವನ್ನು ಗುರುತಿಸುವ ಕಿವಿ, ರಾತ್ರಿಪಾಳಿಯಲ್ಲಿ ಎಚ್ಚರ ತಪ್ಪದ ಸಂಯಮ, ತನ್ನ ಸುತ್ತಣ ಹತ್ತು ಮಂದಿಯ ಪ್ರಾಣ ತನ್ನ ಕೈಯಲ್ಲಿದೆಯೆಂಬ ಜವಾಬ್ದಾರಿ ಇವೆಲ್ಲ ಅವನಲ್ಲಿ ಸಿದ್ಧಿಸಿವೆ. ನೆಲದಡಿಯ ಗಣಿಯ ಓವರ್‌ಮ್ಯಾನ್ ವಿಷವಾಯುವನ್ನು ಪರೀಕ್ಷಿಸಬಲ್ಲನು, ಗಾಳಿಯ ಸಂಚಾರವನ್ನು ಅಳೆಯಬಲ್ಲನು. ಪಂಪಿನ ಖಲಾಸಿಯು ನೀರಿನ ಸ್ವಭಾವವನ್ನು ಬಲ್ಲನು. ಸುರಂಗಮಾರ್ಗ, ಒಳಚರಂಡಿ, ಕಾರ್ಖಾನೆಯ ಅಪಾಯನಿವಾರಣೆ, ನೀರಾವರಿ, ಭಾರೀ ಯಂತ್ರಗಳ ದುರಸ್ತಿ ಇವುಗಳಿಗೆ ಈ ಅರಿವೆಲ್ಲ ಬೇಕಾದುದೇ. ಆದರೆ ತನ್ನಲ್ಲಿ ಇರುವುದನ್ನು ಹೆಸರಿಟ್ಟು ಹೇಳಬಲ್ಲ ಶಕ್ತಿ ದುಡಿಯುವವನಿಗೆ ತಾನಾಗಿ ಬರುವುದಿಲ್ಲ. ಕಾಗದದ ಪ್ರಮಾಣಪತ್ರವಿಲ್ಲದೆ ಹೊರಗಿನ ಜಗತ್ತು ಅದನ್ನು ನಂಬುವುದೂ ಇಲ್ಲ.

ಎರಡನೆಯ ಅಂಗ ಕಾಲಕ್ಕೆ ಸಂಬಂಧಿಸಿದ್ದು. ಭತ್ತ ಬೆಳೆಯುವವನು ಗದ್ದೆ ಹದವಾಗುವ ಮುನ್ನವೇ ಒಟ್ಟಲಿನಲ್ಲಿ ಸಸಿಯನ್ನು ಎಬ್ಬಿಸಿಕೊಂಡಿರುತ್ತಾನೆ; ಹಾಗೆಯೇ ಮುಂದಿನ ವೃತ್ತಿಯ ಸಸಿ ಇಂದಿನ ವೃತ್ತಿ ನಡೆಯುತ್ತಿರುವಾಗಲೇ ಒಂದು ಮೂಲೆಯಲ್ಲಿ ಮೊಳೆತಿರಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿ, 1908ರಲ್ಲಿ ಅದನ್ನು ಬಿಟ್ಟು, ಮರುವರ್ಷ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಲ್ಲಿ ದಿವಾನರಾದರು. ನೀರನ್ನು ಆಳುತ್ತಿದ್ದ ಯಂತ್ರಶಿಲ್ಪಿಯೊಬ್ಬರು ರಾಜ್ಯದ ಅರ್ಥವ್ಯವಸ್ಥೆಯನ್ನೇ ಆಳತೊಡಗಿ, ಮರುವರ್ಷವೇ ಮೈಸೂರು ಬ್ಯಾಂಕಿಗೂ, 1916ರಲ್ಲಿ ವಿಶ್ವವಿದ್ಯಾನಿಲಯಕ್ಕೂ ಕಾರಣರಾದುದನ್ನು ಕಂಡವರು ಅದನ್ನು ಪ್ರತಿಭೆಯ ಪವಾಡವೆಂದು ಬಗೆಯುವುದುಂಟು. ಆದರೆ ಅವರು 1898ರಷ್ಟು ಹಿಂದೆಯೇ, ನೌಕರಿಯಲ್ಲಿದ್ದಾಗಲೇ, ರಜೆಯನ್ನು ಪಡೆದು ಜಪಾನಿಗೆ ಹೋಗಿ, ಬಡದೇಶವೊಂದು ವಿದ್ಯೆಯಿಂದಲೂ ಕೈಗಾರಿಕೆಯಿಂದಲೂ ಹೇಗೆ ಏಳಬಹುದೆಂಬುದನ್ನು ಸ್ವತಃ ಅಭ್ಯಸಿಸಿ ಬಂದಿದ್ದರು. ದಿವಾನಗಿರಿ ಬಂದುದು ಅದಾದ ಹದಿನಾಲ್ಕು ವರ್ಷಗಳ ಮೇಲೆ. ಮಾಸ್ತಿಯವರ ವಿಷಯವೂ ಅಂತೆಯೇ. ಮೈಸೂರು ಸಂಸ್ಥಾನದ ಉನ್ನತಾಧಿಕಾರಿಯಾಗಿದ್ದು, ನ್ಯಾಯವಾಗಿ ಸಲ್ಲಬೇಕಾದ ಸ್ಥಾನವು ತಮಗಿಂತ ಕಿರಿಯರಿಗೆ ಸಂದಿತೆಂಬ ಕಾರಣದಿಂದ 1943ರಲ್ಲಿ ಅವರು ರಾಜೀನಾಮೆಯಿತ್ತು ಹೊರಬಂದಾಗ, ಅವರು ಕಾಲಿರಿಸಿದುದು ಅಪರಿಚಿತ ನೆಲದಲ್ಲಲ್ಲ. ಅವರ ಮೊದಲ ಕಥಾಸಂಗ್ರಹ ಹೊರಬಂದು ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದುವು. ಮುಂದೆ 'ಜೀವನ' ಪತ್ರಿಕೆಯನ್ನು ನಡೆಸಿದ ಲೇಖನಿ ಕಚೇರಿಯ ಕಡತಗಳ ನಡುವೆಯೇ ಹದಗೊಂಡಿದ್ದಿತು.

ಇವರೆಲ್ಲ ಹಿರಿಯ ಅಧಿಕಾರಿಗಳು. ಸಾಮಾನ್ಯನ ಮಾತೇ ಬೇರೆ ಎಂಬ ಆಕ್ಷೇಪವನ್ನು ನಾನು ಮರೆತಿಲ್ಲ, ಅದಕ್ಕೆ ಬರುವೆನು. ಅದಕ್ಕೆ ಮುಂಚೆ ವಿದರ್ಭದವರೇ ಆದ ಬಾಬಾ ಆಮ್ಟೆಯವರನ್ನು ನೆನೆಯದೆ ಹೋಗಲಾರೆ. ಹಿಂಗಣಘಾಟದಲ್ಲಿ ಜನಿಸಿ, ಅದೇ ವರೋರಾದಲ್ಲಿ ವಕೀಲಿ ಮಾಡುತ್ತಿದ್ದ ಅವರು ಕುಷ್ಠರೋಗಿಗಳ ಸೇವೆಗೆ ತಿರುಗಿದುದನ್ನು ಲೋಕವು ಹೃದಯಪರಿವರ್ತನೆಯೆಂದು ಕೊಂಡಾಡುತ್ತದೆ. ಅದು ಯುಕ್ತವೇ, ಆದರೆ ಹೃದಯ ಕರಗಿದ ಮಾತ್ರಕ್ಕೆ ಅವರು ಆಶ್ರಮವನ್ನು ಕಟ್ಟಿಬಿಡಲಿಲ್ಲ. ರೋಗದ ಗ್ರಂಥಗಳನ್ನು ಓದಿದರು, ಚಿಕಿತ್ಸಾಲಯದಲ್ಲಿ ಕೈಯಾರೆ ಶುಶ್ರೂಷೆ ಮಾಡಿದರು, ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ನಿಗೆ ಹೋಗಿ ಆ ರೋಗದ ವಿಷಯದಲ್ಲಿ ಶಿಕ್ಷಣ ಪಡೆದು ಬಂದರು. ಊರಿನ ಗಣ್ಯ ವಕೀಲರಾಗಿದ್ದವರು ಮೂವತ್ತು ದಾಟಿದ ಮೇಲೆ ವಿದ್ಯಾರ್ಥಿಯ ಬೆಂಚಿನ ಮೇಲೆ ಕುಳಿತರೆಂಬುದು ನನಗೆ ಅವರ ತ್ಯಾಗದಷ್ಟೇ ಪೂಜ್ಯವಾಗಿ ಕಾಣುತ್ತದೆ. ಏಕೆಂದರೆ ವೃತ್ತಿ ಬದಲಿಸುವವನಿಗೆ ಹಣದ ನಷ್ಟಕ್ಕಿಂತಲೂ ದುಸ್ಸಹವಾದುದು ಮಾನದ ನಷ್ಟ. ಹತ್ತು ಮಂದಿ ಉಸ್ತಾದ್ ಎಂದು ಕರೆಯುತ್ತಿದ್ದವನು ಮರುದಿನ ತನ್ನ ಮಗನ ಓರಗೆಯವನಿಂದ ತಿದ್ದಿಸಿಕೊಳ್ಳಬೇಕಾಗುತ್ತದೆ. ಈ ಶಿಷ್ಯತ್ವಕ್ಕೆ ಮನಸ್ಸನ್ನು ಬಾಗಿಸಿಕೊಳ್ಳುವುದು ಒಂದೆರಡು ದಿನಗಳಲ್ಲಿ ಆಗುವ ಕೆಲಸವಲ್ಲ. ಸ್ಥಾನವು ಭದ್ರವಾಗಿರುವಾಗಲೇ, ಅದಕ್ಕೆ ಕುಂದು ಬಾರದಂಥ ಸಣ್ಣ ಪ್ರಮಾಣದಲ್ಲಿ, ಅಭ್ಯಾಸ ಮಾಡಿಕೊಳ್ಳತಕ್ಕದ್ದು.

ಇದ್ದ ಕೆಲಸದಲ್ಲಿ ಮನಸ್ಸಿಡದೆ ಇಲ್ಲದ ಕೆಲಸಕ್ಕೆ ಕೈಚಾಚುವುದು ಧರ್ಮವೆ ಎಂದು ಕೆಲವರು ಕೇಳುತ್ತಾರೆ. ಸ್ವಧರ್ಮದ ತತ್ತ್ವವನ್ನು ಅವರು ಉದಾಹರಿಸುವುದುಂಟು, ಕಾಯಕದ ತತ್ತ್ವವನ್ನೂ ಉಂಟು. ಆದರೆ ಶರಣರ ಕಾಯಕವು ಹುಟ್ಟಿನಿಂದ ಅಂಟಿದ ಕಸುಬಿಗೆ ಹಾಕಿದ ಸಂಕೋಲೆಯಾಗಿರಲಿಲ್ಲ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬಾಳಿದನೆಂದು ಮೋಳಿಗೆಯ ಮಾರಯ್ಯನ ಐತಿಹ್ಯ ಹೇಳುತ್ತದೆ. ಅದಕ್ಕಿಂತ ದೊಡ್ಡ ವೃತ್ತ್ಯಂತರ ಯಾವುದಿದ್ದೀತು? ದುಡಿಮೆ ಶುದ್ಧವಾಗಿರಬೇಕು, ಯಾವ ಕೆಲಸ ಕೈಯಲ್ಲಿದೆಯೋ ಅದರಲ್ಲಿ ವಂಚನೆ ಕೂಡದು ಎಂಬುದು ಆ ತತ್ತ್ವದ ಹೃದಯ. ನಾಳಿನ ಅನ್ನಕ್ಕೆ ದಾರಿ ಗೊತ್ತಿರುವ ಗಣಿಗಾರನು ಇಂದಿನ ಪಾಳಿಯಲ್ಲಿ ಹೆಚ್ಚು ನಿರ್ಭಯನಾಗಿ, ಆದಕಾರಣ ಹೆಚ್ಚು ಪ್ರಾಮಾಣಿಕನಾಗಿ ದುಡಿದಾನೆಂದೇ ನನ್ನ ನಂಬಿಕೆ. ಗಣಿ ಮುಚ್ಚೀತೆಂಬ ಭಯದಿಂದ ಸುರಕ್ಷೆಯ ನಿಯಮವನ್ನು ಗಾಳಿಗೆ ತೂರಿ ಉತ್ಪಾದನೆಯ ಅಂಕೆಯನ್ನು ಏರಿಸಹೊರಡುವವನಾದರೋ ತನಗೂ ಇತರರಿಗೂ ಅಪಾಯಕರ.

ಈಗ ಆ ಗಟ್ಟಿಯಾದ ಆಕ್ಷೇಪ. ವಿಶ್ವೇಶ್ವರಯ್ಯನವರಿಗೆ ರಜೆ ದೊರೆಯಿತು, ಮಾಸ್ತಿಯವರಿಗೆ ಸಂಜೆಯ ವಿರಾಮವಿದ್ದಿತು, ಆಮ್ಟೆಯವರಿಗೆ ಜಮೀನಿದ್ದಿತು. ಪಾಳಿ ಮುಗಿಸಿ ಕಲ್ಲಿದ್ದಲ ಧೂಳನ್ನು ತೊಳೆದುಕೊಂಡು, ನಿದ್ದೆಗೂ ಸಾಲದ ಹೊತ್ತಿನಲ್ಲಿ ಮಗಳ ಮದುವೆಯ ಸಾಲವನ್ನು ಎಣಿಸುತ್ತಿರುವವನು ಎಂದು ಸಿದ್ಧನಾಗಬೇಕು? ಇದಕ್ಕೆ ಮನೋಬಲದ ಉಪದೇಶವನ್ನು ಉತ್ತರವಾಗಿ ಕೊಡುವುದು ಕ್ರೂರವೆಂದು ನಾನು ಭಾವಿಸುತ್ತೇನೆ. ಸಂಸಾರದ ಮಟ್ಟದಲ್ಲಿ ಮಾಡಬಹುದಾದುದು ಕೆಲವುಂಟು. ವಸತಿ ಬಿಟ್ಟುಕೊಡುವ ದಿನಕ್ಕೆ ಮುಂಚೆ ಸ್ವಂತದ್ದೊಂದು ಸೂರನ್ನು ಮಾಡಿಕೊಳ್ಳುವುದು. ಸಂಬಳದ ಅಂಕೆಯೊಂದನ್ನೇ ನೋಡದೆ, ಬಾಡಿಗೆ, ವೈದ್ಯ, ದೀಪ ಇವುಗಳಿಗೆ ಹೊರಗೆ ಎಷ್ಟು ತೆರಬೇಕಾದೀತೆಂದು ಕೂಡಿಸಿ ನಿಜವಾದ ಆದಾಯವನ್ನು ಅರಿಯುವುದು. ಮುಖ್ಯವಾಗಿ, ಈ ಲೆಕ್ಕವನ್ನು ಮನೆಯ ಹೆಂಗಸರ ಎದುರಿನಲ್ಲಿ ಇಟ್ಟು ಅವರೊಡನೆ ಕೂಡಿ ನಿರ್ಣಯಿಸುವುದು. ಆದರೆ ಮುಂದಿನ ವೃತ್ತಿಯನ್ನು ಕಲಿಯಲು ಬೇಕಾದ ಬಿಡುವು ಮಾತ್ರ ಯಾವ ಮಿತವ್ಯಯದಿಂದಲೂ ಹುಟ್ಟುವುದಿಲ್ಲ. ಅದನ್ನು ಕೊಡತಕ್ಕವರು ಅವನ ಶ್ರಮದಿಂದ ಲಾಭವನ್ನು ಪಡೆದವರು.

ಈ ಮಾತು ಅತಿಯಾಯಿತೆನ್ನುವವರು ನೆಲದ ವಿಷಯದಲ್ಲಿ ಇದೇ ಸರ್ಕಾರ ಮಾಡಿರುವ ಏರ್ಪಾಟನ್ನು ನೋಡಲಿ. ಕಲ್ಲಿದ್ದಲು ಸಚಿವಾಲಯವು 2009ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಗಣಿಯನ್ನು ಮುಚ್ಚುವ ಯೋಜನೆ ಗಣಿಯನ್ನು ತೆರೆಯುವ ಯೋಜನೆಯೊಡನೆಯೇ ಸಿದ್ಧವಾಗಬೇಕು. ತೋಡಿದ ನೆಲವನ್ನು ಮುಂದೆ ಸರಿಪಡಿಸುವುದಕ್ಕಾಗಿ ಕಂಪೆನಿಯು ಗಣಿ ನಡೆಯುವ ಕಾಲದಲ್ಲಿಯೇ ವರ್ಷವರ್ಷವೂ ಒಂದು ಮೊತ್ತವನ್ನು ಪ್ರತ್ಯೇಕ ಠೇವಣಿಯಲ್ಲಿ ಇಡುತ್ತ ಹೋಗಬೇಕು. ಕೊನೆಯ ದಿನ ಹಣ ಒದಗೀತೆಂದು ಯಾರನ್ನೂ ನಂಬಕೂಡದು, ಲಾಭವಿರುವಾಗಲೇ ನಷ್ಟಕ್ಕೆ ಪ್ರತಿವಿಧಾನ ಕಲ್ಪಿಸಿರಬೇಕು ಎಂಬ ವಿವೇಕ ಇದರಲ್ಲಿದೆ. ಮಣ್ಣಿಗೆ ಒಪ್ಪಿದ ಈ ನ್ಯಾಯ ಮನುಷ್ಯನಿಗೆ ಏಕೆ ಒಪ್ಪಕೂಡದು? ನೆಲಕ್ಕಾಗಿ ಹಣದ ಠೇವಣಿ ಇರುವಂತೆ, ಪ್ರತಿಯೊಬ್ಬ ದುಡಿಮೆಗಾರನ ಹೆಸರಿನಲ್ಲಿಯೂ ಪ್ರತಿ ವರ್ಷ ಇಷ್ಟು ಗಂಟೆಗಳ ಕಾಲದ ಠೇವಣಿ ಜಮೆಯಾಗುತ್ತ ಬರಲಿ. ಅದನ್ನು ಅವನು ಬೇರೊಂದು ಕಸುಬನ್ನು ಕಲಿಯಲು, ಪೂರ್ಣ ಸಂಬಳದ ಮೇಲೆ, ಉಪಯೋಗಿಸಿಕೊಳ್ಳಲಿ.

ಕಂಪೆನಿಯು ತನ್ನ ಮಟ್ಟಿಗೆ ವೃತ್ತ್ಯಂತರದ ಪಾಠವನ್ನು ಆಗಲೇ ಕಲಿತಿದೆಯೆಂಬುದು ಗಮನಾರ್ಹ. ಕಲ್ಲಿದ್ದಲಿನ ಮೇಲಣ ಮಣ್ಣನ್ನು, ಗಣಿಯವರು ಓ.ಬಿ. ಎಂದು ಕರೆದು ಬೆಟ್ಟದಂತೆ ಒಟ್ಟುತ್ತಿದ್ದ ವ್ಯರ್ಥಪದಾರ್ಥವನ್ನು, ತೊಳೆದು ಸೋಸಿ ಕಟ್ಟಡದ ಮರಳನ್ನಾಗಿ ಮಾಡುವ ಕೆಲಸ ಭಾನೇಗಾಂವ್, ಗೊಂಡೇಗಾಂವ್‌ಗಳಲ್ಲಿ ನಡೆದಿದೆ. ಪಾಟಣಸಾವಂಗಿಯಲ್ಲಿ ಗಣಿಯ ನೀರನ್ನು ಶುದ್ಧಿಗೊಳಿಸಿ 'ಕೋಲ್ ನೀರ್' ಎಂಬ ಹೆಸರಿನಿಂದ ಬಾಟಲಿಗಳಲ್ಲಿ ತುಂಬಿದರು. ಸಾವನೇರಿನ ಕಡೆಯ ಗಣಿಯನ್ನು ನೋಡಲು ಪ್ರವಾಸಿಗಳನ್ನು ರಾಜ್ಯದ ಪ್ರವಾಸೋದ್ಯಮ ನಿಗಮದ ಜೊತೆಗೂಡಿ ಕರೆದೊಯ್ದರು. ಕಲ್ಲಿದ್ದಲಿಗೆ ಬೇಡಿಕೆ ಕುಗ್ಗುವವರೆಗೆ ಕಾಯದೆ, ಅದು ಪುಷ್ಕಳವಾಗಿರುವಾಗಲೇ ಇನ್ನೊಂದರಲ್ಲಿ ಕೈ ಆಡಿಸಿ ನೋಡಿದ ಈ ಕ್ರಮ ಸರ್ವಥಾ ಶ್ಲಾಘ್ಯ. ನಾನು ಕೇಳುತ್ತಿರುವುದು ಇಷ್ಟೆ: ಸಂಸ್ಥೆ ತನಗೆ ತಾನು ಕೊಟ್ಟುಕೊಂಡ ಈ ಅವಕಾಶವನ್ನು ತನ್ನ ಒಬ್ಬೊಬ್ಬ ಕೆಲಸಗಾರನಿಗೂ ಕೊಡಲಿ.

ಇದಕ್ಕಾಗಿ ಹೊಸ ಮಹಲುಗಳನ್ನು ಕಟ್ಟಿಸಬೇಕಾದುದೂ ಇಲ್ಲ. ಗಣಿಗಳ ವೃತ್ತಿಶಿಕ್ಷಣಕ್ಕೆಂದು 1966ರಲ್ಲಿ ರಚಿತವಾದ ನಿಯಮಗಳು ಗಣಿಗಾರನಿಗೆ ಆರಂಭದ ಶಿಕ್ಷಣವನ್ನೂ, ಐದು ವರ್ಷಗಳಿಗೊಮ್ಮೆ ಪುನರಭ್ಯಾಸವನ್ನೂ ವಿಧಿಸಿದುವು, ವಿ.ಟಿ. ಸೆಂಟರ್ ಎಂಬುದು ಗಣಿಯ ಪ್ರತಿಯೊಬ್ಬನೂ ಬಲ್ಲ ಸ್ಥಳ. ಅಲ್ಲಿ ಕೋಣೆಯಿದೆ, ಬೋಧಕನಿದ್ದಾನೆ, ಹಾಜರಿಗೆ ಸಂಬಳವಿದೆ. ಐದು ವರ್ಷಗಳಿಗೊಮ್ಮೆ ಅಲ್ಲಿಗೆ ಬರುವವನಿಗೆ ಗಣಿಯೊಳಗಿನ ಅಪಾಯಗಳನ್ನು ನೆನಪಿಸುವುದರ ಜೊತೆಗೆ, ಗಣಿಯ ಹೊರಗೆ ಅವನ ವಿದ್ಯೆಗೆ ಏನು ಬೆಲೆಯಿದೆಯೆಂ‌ಬುದನ್ನು ತಿಳಿಸಿ, ವೈರ್‌ಮನ್ ಪರವಾನಗಿಯನ್ನೋ ಹೈಡ್ರಾಲಿಕ್ ದುರಸ್ತಿಯನ್ನೋ ಭೂಮಾಪನವನ್ನೋ ಹೆಜ್ಜೆಹೆಜ್ಜೆಯಾಗಿ ಕಲಿಸಿ, ರಾಜ್ಯದ ಐ.ಟಿ.ಐ.ಗಳು ಒಪ್ಪುವ ಪ್ರಮಾಣಪತ್ರವನ್ನು ಕೊಡುವ ಏರ್ಪಾಟಾದರೆ, ಇಪ್ಪತ್ತೈದರಲ್ಲಿ ಸೇರಿದವನು ಐವತ್ತನ್ನು ಮುಟ್ಟುವ ವೇಳೆಗೆ ಐದು ಮೆಟ್ಟಿಲುಗಳನ್ನು ಏರಿರುತ್ತಾನೆ.

ಈ ಏರ್ಪಾಟಿನಲ್ಲಿ ಒಂದು ವರ್ಗ ಬಿಟ್ಟುಹೋಗುವ ಭಯವುಂಟು. ತೆರೆದ ಗಣಿಗಳಲ್ಲಿ ಮೇಲ್ಮಣ್ಣನ್ನು ತೆಗೆಯುವ ಕೆಲಸದ ಬಹುಭಾಗ ಇಂದು ಗುತ್ತಿಗೆದಾರರದು. ಅವರ ಲಾರಿ ಓಡಿಸುವವರು, ಟಯರು ಬದಲಿಸುವವರು, ರಸ್ತೆಗೆ ನೀರು ಹೊಡೆಯುವವರು ದೂರದೂರದ ಊರುಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ವಾಸವಾಗಿರುತ್ತಾರೆ. ಕಾಯಂ ನೌಕರನಿಗೆ ಕೊನೆಗೆ ಭವಿಷ್ಯನಿಧಿಯೂ ಪಿಂಚಣಿಯೂ ಉಂಟು. ಗುತ್ತಿಗೆ ಮುಗಿದ ದಿನ ಇವರಿಗೆ ಉಳಿಯುವುದು ಊರಿಗೆ ಹೋಗುವ ರೈಲಿನ ಖರ್ಚು. ಕಾಲದ ಠೇವಣಿ ಕಾಯಂ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಎಂದಾದರೆ, ಅತ್ಯಂತ ಬೇಗ, ಅತ್ಯಂತ ಬರಿಗೈಯಲ್ಲಿ ಹೊರಬೀಳುವವರೇ ಅದರಿಂದ ಹೊರಗುಳಿಯುತ್ತಾರೆ. ಆದುದರಿಂದ ಗುತ್ತಿಗೆಯ ಕರಾರಿನಲ್ಲಿಯೇ ಕೆಲಸಗಾರನ ತಲೆಯೊಂದಕ್ಕೆ ಇಷ್ಟು ಗಂಟೆ ಎಂದು ನಮೂದಿಸಿ, ಅದರ ವೆಚ್ಚವನ್ನು ಗುತ್ತಿಗೆಯ ಮೊತ್ತದಲ್ಲಿ ಸೇರಿಸಿ, ಆ ಗಂಟೆಗಳು ಒಬ್ಬ ಗುತ್ತಿಗೆದಾರನಿಂದ ಇನ್ನೊಬ್ಬನಲ್ಲಿಗೆ ಕೆಲಸಗಾರನೊಡನೆಯೇ ಹೋಗುವಂತೆ ಮಾಡುವುದು ಅವಶ್ಯಕ. ಹಾಗೆ ಮಾಡಿದರೆ ಟನ್ನೊಂದಕ್ಕೆ ಬೀಳುವ ವೆಚ್ಚ ತುಸು ಏರೀತು. ಆ ಏರಿಕೆಯನ್ನು ಭರಿಸುವ ಶಕ್ತಿ, ವರ್ಷಕ್ಕೆ ನೂರು ಕೋಟಿ ಟನ್ ಕಲ್ಲಿದ್ದಲನ್ನು ತೆಗೆಯುತ್ತಿರುವ ಇಂದಿನ ಉದ್ಯಮಕ್ಕೆ ಇದೆ, ಅದು ಕುಗ್ಗಿದ ಮೇಲೆ ಇರುವುದಿಲ್ಲ.